ಕಿವಿ ಮೊರೆಯುವಾಗ ವಾದ್ಯ ನುಡಿಸುವವರಿಗೆ ಯಾವ ರಕ್ಷಣೆ ಸರಿ?

ಕಛೇರಿ ಮುಗಿಸಿ ಮನೆಗೆ ಬಂದು, ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ದೀಪ ಆರಿಸಿದ ಮೇಲೆ ಆ ಸದ್ದು ಶುರುವಾಯಿತು. ಹೊರಗಿನ ಟ್ರಾನ್ಸ್‌ಫಾರ್ಮರ್ ಇರಬೇಕೆಂದು ಎದ್ದು ಕಿಟಕಿ ಮುಚ್ಚಿದೆ. ಮುಚ್ಚಿದೊಡನೆ ಸದ್ದು ಇನ್ನೂ ಸ್ಪಷ್ಟವಾಯಿತು. ತಾರಸ್ಥಾಯಿಯ ಷಡ್ಜಕ್ಕಿಂತ ಬಹಳ ಮೇಲೆ, ಬಿಗಿದ ತಂತಿಯನ್ನು ಯಾರೋ ನಿಲ್ಲಿಸದೆ ಉಜ್ಜುತ್ತಿರುವ ಹಾಗೆ, ಹೆಚ್ಚಾಗಿ ಎಡಗಿವಿಯಲ್ಲಿ. ಬೆಳಿಗ್ಗೆ ತಂಬೂರ ಹಾಕಿದಾಗ ಮರೆಯಾಯಿತು, ನಿಲ್ಲಿಸಿದಾಗ ಮರಳಿ ಬಂತು. ಒಂಬತ್ತು ವರ್ಷಗಳಾದವು. ಆ ಸದ್ದು ಹೋಗಿಲ್ಲ, ನಾನು ಪಿಟೀಲು ಬಿಟ್ಟಿಲ್ಲ.

ಇದು ಗೊತ್ತಿರುವವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ಹೋಲಿಕೆಯಿದೆ. ಮೃದಂಗದ ಮೇಷ್ಟ್ರೊಬ್ಬರು ಹತ್ತಿ ಇಟ್ಟುಕೊಂಡರೆ ಸಾಲದೇ ಎನ್ನುತ್ತಾರೆ. ಯಕ್ಷಗಾನದಲ್ಲಿ ಚೆಂಡೆ ಬಾರಿಸುವ ಗೆಳೆಯನ ಬಳಿ ಕಿವಿಗೆ ತುರುಕಿಕೊಳ್ಳುವ ಫೋಮ್ ಪ್ಲಗ್ ಇದೆ, ಆದರೆ ಅದನ್ನು ಹಾಕಿಕೊಂಡರೆ ಭಾಗವತರ ಪದವೇ ಕೇಳಿಸುವುದಿಲ್ಲ ಎಂದು ಜೇಬಿನಲ್ಲೇ ಇಟ್ಟುಕೊಂಡಿರುತ್ತಾನೆ. ಕಿವಿ ಮೊರೆಯುವ ಶಿಷ್ಯೆಯೊಬ್ಬಳ ತಾಯಿ, ಪಿಟೀಲು ಬಿಡಿಸಿ ವೀಣೆಗೆ ಸೇರಿಸಲೇ ಎಂದು ಕಣ್ಣು ತುಂಬಿಕೊಂಡು ಕೇಳಿದರು. ಎಲ್ಲರಿಗೂ ಒಂದೇ ಉತ್ತರ ಹೇಳಲಾಗದು. ಆದರೆ ಬಹುತೇಕರು ಮಾಡುವ ತಪ್ಪು ಒಂದೇ, ನಾನೂ ಮಾಡಿದ್ದೇನೆ: ಸದ್ದನ್ನು ಎಷ್ಟು ಹೆಚ್ಚು ತಡೆದರೆ ಅಷ್ಟು ಒಳ್ಳೆಯದು ಎಂದು ನಂಬುವುದು. ಅಗತ್ಯವಿರುವಷ್ಟೇ ತಗ್ಗಿಸಬೇಕು, ಅದಕ್ಕಿಂತ ಹೆಚ್ಚು ಬೇಡ. ಕೆಳಗಿನ ಹೋಲಿಕೆಯೆಲ್ಲ ಈ ಮಾತಿನ ಮೇಲೆಯೇ ನಿಂತಿದೆ.

ಏನನ್ನಾದರೂ ಕೊಳ್ಳುವ ಮುನ್ನ ಕಿವಿ ಪರೀಕ್ಷೆ ಮಾಡಿಸಿ. ಕಿವಿಗುಗ್ಗೆ ಗಟ್ಟಿಯಾಗಿ ಕೂತಿದ್ದರೂ ಕಿವಿ ಮೊರೆಯುತ್ತದೆ. ಅದರ ಮೇಲೆ ಪ್ಲಗ್ ತುರುಕಿದರೆ ಗುಗ್ಗೆ ಇನ್ನೂ ಒಳಕ್ಕೆ ಹೋಗುತ್ತದೆ. ಇದ್ದಕ್ಕಿದ್ದಂತೆ ಒಂದು ಕಿವಿ ಮಂದವಾದರೆ ಅದು ತುರ್ತು ಸಂಗತಿ, ಅಂದೇ ವೈದ್ಯರ ಬಳಿ ಹೋಗಬೇಕು. ಮೊರೆತ ಒಂದೇ ಕಿವಿಯಲ್ಲಿದ್ದರೆ, ನಾಡಿಬಡಿತದ ಜೊತೆ ಏರಿಳಿಯುತ್ತಿದ್ದರೆ, ತಲೆಸುತ್ತು ಇದ್ದರೆ ಕಿವಿ, ಮೂಗು, ಗಂಟಲಿನ ತಜ್ಞರನ್ನು ಕಾಣದೆ ಮುಂದುವರಿಯಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇಂಥ ಪರೀಕ್ಷೆಗೆಂದೇ ಇರುವ ಜಾಗ. ದೊಡ್ಡ ಆಸ್ಪತ್ರೆಗಳಲ್ಲಿಯೂ ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರು, ಇರುತ್ತಾರೆ. ಪರೀಕ್ಷೆಯ ನಕ್ಷೆ ಕೈಗೆ ಬಂದಾಗ 4,000 ಹರ್ಟ್ಸ್‌ನ (ಹರ್ಟ್ಸ್ ಎಂದರೆ ಸ್ವರದ ಎತ್ತರದ ಅಳತೆ) ಸುತ್ತ ಗೆರೆ ಕುಸಿದಿದೆಯೇ ನೋಡಿ. ಜೋರು ಸದ್ದಿನಿಂದ ಆದ ಪೆಟ್ಟು ಸಾಮಾನ್ಯವಾಗಿ ಅಲ್ಲಿಯೇ ಮೊದಲು ಕಾಣಿಸಿಕೊಳ್ಳುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಉಳಿದಿರುವುದನ್ನು ಕಾಪಾಡಿಕೊಳ್ಳಬಹುದು, ನಮ್ಮ ಕೈಯಲ್ಲಿರುವುದು ಅಷ್ಟು.

ಅಳೆಯುವುದು ಹೇಗೆ?

ನಾನು ಯಾವ ಆಯ್ಕೆಯನ್ನೂ ನಾಲ್ಕು ಪ್ರಶ್ನೆ ಕೇಳಿ ತೂಗುತ್ತೇನೆ. ಕಿವಿಗೆ ಬೀಳುವ ಸದ್ದಿನ ಒಟ್ಟು ಪ್ರಮಾಣ ಎಷ್ಟು ಇಳಿಯುತ್ತದೆ? ಶ್ರುತಿ ಮತ್ತು ನಾದದ ಬಣ್ಣ ಉಳಿಯುತ್ತದೆಯೇ? ಒಳಗಡೆಯಿಂದ, ಅಂದರೆ ತಲೆಬುರುಡೆಯ ಮೂಲಕ ಬರುವ ಸದ್ದು ಏನಾಗುತ್ತದೆ? ನಾನು ಇದನ್ನು ನಿಜವಾಗಿ ದಿನವೂ ಬಳಸುತ್ತೇನೆಯೇ? ಹಣದ ಪ್ರಶ್ನೆ ಕೊನೆಯದರೊಳಗೆ ಸೇರಿದೆ, ಏಕೆಂದರೆ ಪೆಟ್ಟಿಗೆಯಲ್ಲಿ ಮಲಗಿರುವ ಪ್ಲಗ್‌ನ ಬೆಲೆ ಎಷ್ಟಾದರೂ ಅದು ದುಬಾರಿಯೇ.

ಮೊದಲ ಪ್ರಶ್ನೆಗೆ ಸ್ವಲ್ಪ ಲೆಕ್ಕ ಬೇಕು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಯೋಶ್ ಹೇಳುವ ಮಿತಿಯ ಪ್ರಕಾರ 85 ಡೆಸಿಬೆಲ್ (ಡೆಸಿಬೆಲ್ ಎಂದರೆ ಸದ್ದಿನ ಜೋರಿನ ಅಳತೆ) ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ಇದೇ ಲೆಕ್ಕವನ್ನು ತಿರುಗಿಸಿ ನೋಡಿದಾಗ ನನಗೆ ಧೈರ್ಯ ಬಂತು. 94 ಡೆಸಿಬೆಲ್‌ನ ವೇದಿಕೆಯಲ್ಲಿ ಬರೀ 9 ಡೆಸಿಬೆಲ್ ತಗ್ಗಿಸಿದರೆ 1 ಗಂಟೆಯ ಮಿತಿ 8 ಗಂಟೆಯಾಗುತ್ತದೆ. ಎರಡೂವರೆ ಗಂಟೆಯ ಕಛೇರಿಗೆ ಅದು ಧಾರಾಳ. 30 ಡೆಸಿಬೆಲ್ ತಡೆಯುವ ಅಗತ್ಯ ಅಲ್ಲಿ ಯಾರಿಗೂ ಇಲ್ಲ.

ನಿಮ್ಮ ವಾದ್ಯದ ಅಂಕಿ ಎಷ್ಟೆಂದು ನೀವೇ ಅಳೆಯಬೇಕು. ಮೊಬೈಲ್ ಆ್ಯಪ್ ಅಷ್ಟು ನಿಖರವಲ್ಲ, ಆದರೂ ಅಂದಾಜು ಸಿಗುತ್ತದೆ. ಐಫೋನ್ ಇದ್ದವರಿಗೆ ನಯೋಶ್‌ನದೇ ಉಚಿತ ಆ್ಯಪ್ ಇದೆ. ಫೋನನ್ನು ಮೇಜಿನ ಮೇಲಿಡಬೇಡಿ, ಇನ್ನೊಬ್ಬರಿಂದ ಕಿವಿಯ ಪಕ್ಕ ಹಿಡಿಸಿ. ನನ್ನ ಎಡಗಿವಿಯ ಬಳಿ ಸಾಧನೆಯ ಹೊತ್ತಿನಲ್ಲಿ 90ರ ಆಸುಪಾಸು ಬಂತು, ಬಲಗಿವಿಯ ಬಳಿ ಕಡಿಮೆ. ಗದ್ದಕ್ಕೆ ಒತ್ತಿ ಹಿಡಿಯುವ ಪಾಶ್ಚಾತ್ಯ ಪದ್ಧತಿಗಿಂತ, ಪಿಟೀಲಿನ ತುದಿಯ ಸುರುಳಿಯನ್ನು ಪಾದದ ಮೇಲೂರಿ ಎದೆಗೆ ಒರಗಿಸುವ ನಮ್ಮ ಪದ್ಧತಿಯಲ್ಲಿ ಕಿವಿ ಒಂದಿಷ್ಟು ದೂರ ಉಳಿಯುತ್ತದೆ. ಆ ದೂರಕ್ಕೆ ಬೆಲೆಯಿದೆ.

ಎರಡನೆಯ ಪ್ರಶ್ನೆ ಸಂಗೀತಗಾರರಿಗಷ್ಟೇ ಇರುವುದು. ಕಾರ್ಖಾನೆಯಲ್ಲಿ ಕೆಲಸ ಮಾಡುವವರಿಗೆ ಸದ್ದು ಕಡಿಮೆಯಾದರೆ ಸಾಕು. ನಮಗೆ ಕಾಕಲಿ ನಿಷಾದ ಎಷ್ಟು ಮೇಲಿದೆ ಎಂಬುದು ಕೇಳಿಸಬೇಕು, ಮೃದಂಗದ ಬಲಗಡೆಯ ಕರಣೆಯ ನಾದ ಶ್ರುತಿಗೆ ಕೂಡಿದೆಯೇ ಎಂಬುದು ಕೇಳಿಸಬೇಕು.

ಹತ್ತಿ

ಹತ್ತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಒಂದಿಷ್ಟು ತೀಕ್ಷ್ಣತೆಯನ್ನು ಮಾತ್ರ ನುಂಗುತ್ತದೆ, ಅಪಾಯಕಾರಿ ಸದ್ದನ್ನು ಬಿಟ್ಟುಬಿಡುತ್ತದೆ. ರಕ್ಷಣೆ ಇದೆ ಎಂಬ ಭ್ರಮೆಯಲ್ಲಿ ಇನ್ನೊಂದು ಗಂಟೆ ಹೆಚ್ಚು ಕೂರುವಂತೆ ಮಾಡುವುದರಿಂದ ನಾನು ಅದನ್ನು ರಕ್ಷಣೆಯ ಲೆಕ್ಕಕ್ಕೇ ಸೇರಿಸುವುದಿಲ್ಲ.

ಫೋಮ್ ಪ್ಲಗ್

ಔಷಧಿ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಜೋಡಿ ಸಿಗುತ್ತದೆ. ಡಬ್ಬಿಯ ಮೇಲೆ 30 ಡೆಸಿಬೆಲ್‌ನ ಆಸುಪಾಸು ಬರೆದಿರುತ್ತದೆ, ಆದರೆ ಸರಿಯಾಗಿ ಹಾಕದಿದ್ದರೆ ಅದರ ಅರ್ಧವೂ ಸಿಗುವುದಿಲ್ಲ. ಬೆರಳುಗಳ ನಡುವೆ ಹೊಸೆದು ಸಣ್ಣದಾಗಿಸಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ಸೇರಿಸಿ, ಅದು ಉಬ್ಬುವ ತನಕ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು.

ಇದರ ತೊಂದರೆ ಎಂದರೆ ಇದು ಎಲ್ಲ ಸ್ವರಗಳನ್ನೂ ಸಮವಾಗಿ ತಗ್ಗಿಸುವುದಿಲ್ಲ. ಕೆಳಗಿನ ಸದ್ದಿಗಿಂತ ಮೇಲಿನದನ್ನು ಹೆಚ್ಚು ತಿನ್ನುತ್ತದೆ. ಮೇಲಾಗಿ, ತೆರೆದ ಕಿವಿಯ ಕೊಳವೆಗೆ ತನ್ನದೇ ಅನುರಣನವಿದೆ, ಸುಮಾರು 2,700 ಹರ್ಟ್ಸ್‌ನಲ್ಲಿ. ಕೊಳವೆಯನ್ನು ಮುಚ್ಚಿದರೆ ಅದೂ ಹೋಗುತ್ತದೆ. ನಾದದ ಹೊಳಪು ಇರುವುದೇ ಅಲ್ಲಿ. ನಾನು ಮೊದಲ ಬಾರಿ ಫೋಮ್ ಹಾಕಿಕೊಂಡು ನುಡಿಸಿದ ಕಛೇರಿಯ ಧ್ವನಿಮುದ್ರಣವನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ನನ್ನ ಪಿಟೀಲು ನನಗೇ ಕಂಬಳಿ ಹೊದ್ದ ಹಾಗೆ ಕೇಳಿಸುತ್ತಿತ್ತು, ಹಾಗಾಗಿ ಅರಿವಿಲ್ಲದೆ ಕಮಾನನ್ನು ಒತ್ತುತ್ತಾ ಹೋಗಿದ್ದೆ. ಮುದ್ರಣದಲ್ಲಿ ಕಾಂಬೋಧಿಯ ಆಲಾಪನೆಯ ತುಂಬ ಕರಕರ ಸದ್ದು. ಅದನ್ನು ಕೇಳಿದ ದಿನವೇ ಬೇರೆ ದಾರಿ ಹುಡುಕಲು ಹೊರಟೆ.

ಹಾಗೆಂದು ಫೋಮ್ ಬೇಡವೆನ್ನುವುದಿಲ್ಲ. ಜಾತ್ರೆಯಲ್ಲಿ ಡೊಳ್ಳು, ತಮಟೆಗಳ ನಡುವೆ ನಿಲ್ಲಬೇಕಾದಾಗ, ಮದುವೆ ಮನೆಯ ಸ್ಪೀಕರ್ ಎದುರು ಊಟಕ್ಕೆ ಕೂರಿಸಿದಾಗ ಅದಕ್ಕಿಂತ ಅಗ್ಗದ ಉಪಕಾರಿ ಇಲ್ಲ. ಕೇಳುಗರಾಗಿ ಬಳಸಿ, ನುಡಿಸುವಾಗ ಬೇರೆಯದನ್ನು ಹುಡುಕಿ.

ಫಿಲ್ಟರ್ ಇರುವ ಸಿದ್ಧ ಪ್ಲಗ್

ಮೆತ್ತನೆಯ ಸಿಲಿಕೋನ್‌ನಲ್ಲಿ ಎರಡು ಮೂರು ಅಂತಸ್ತಿನ ಕೊಡೆಯಂತಿರುವ ಈ ಪ್ಲಗ್‌ಗಳ ನಡುವೆ ಸಣ್ಣ ಫಿಲ್ಟರ್ ಇರುತ್ತದೆ. ಸುಮಾರು 1,500ರಿಂದ 4,000 ರೂಪಾಯಿಯೊಳಗೆ ಸಿಗುತ್ತವೆ. ತಗ್ಗಿಸುವ ಪ್ರಮಾಣ ಫೋಮ್‌ಗಿಂತ ಕಡಿಮೆ, ಆದರೆ ಸಮವಾಗಿ ತಗ್ಗಿಸುತ್ತವೆ. ನಾದದ ಬಣ್ಣ ಬಹುಮಟ್ಟಿಗೆ ಉಳಿಯುತ್ತದೆ. ಪಕ್ಕದವರು ಪಿಸುಗುಟ್ಟಿ ಮುಂದಿನ ಕೃತಿಯ ಹೆಸರು ಹೇಳಿದರೆ ಕೇಳಿಸುತ್ತದೆ. ಮೊದಲ ಬಾರಿ ಕೊಳ್ಳುವ ಹವ್ಯಾಸಿಗಳಿಗೆ, ವಾರಕ್ಕೆ ಎರಡು ಮೂರು ದಿನ ನುಡಿಸುವವರಿಗೆ, ಹದಿನೆಂಟು ತುಂಬದ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇದನ್ನೇ. ಬೆಳೆಯುವ ಮಕ್ಕಳ ಕಿವಿಯ ಆಕಾರ ಬದಲಾಗುತ್ತಿರುವುದರಿಂದ ಅಚ್ಚು ಹಾಕಿಸಿದ ದುಬಾರಿ ಪ್ಲಗ್ ಬೇಗ ಸಡಿಲವಾಗುತ್ತದೆ.

ಕೊರತೆ ಮೂರನೆಯ ಪ್ರಶ್ನೆಯಲ್ಲಿದೆ. ಕಿವಿ ಮುಚ್ಚಿಕೊಂಡು ಓಂಕಾರ ಹೇಳಿ ನೋಡಿ, ತಲೆಯೊಳಗೆ ಮಡಕೆಯಲ್ಲಿ ಮಾತಾಡಿದಂತೆ ಗುಂಯ್ಗುಡುತ್ತದೆ. ಮೂಳೆಯ ಮೂಲಕ ಬಂದ ಸದ್ದು ಹೊರಹೋಗಲಾರದೆ ಒಳಗೇ ಸಿಕ್ಕಿಕೊಳ್ಳುವುದರಿಂದ ಹೀಗಾಗುತ್ತದೆ. ಪ್ಲಗ್ ಮೇಲುಮೇಲೆ ಕೂತಷ್ಟೂ ಇದು ಹೆಚ್ಚು. ವೀಣೆ, ಪಿಟೀಲು, ಮೃದಂಗದವರಿಗೆ ಇದರಿಂದ ಅಷ್ಟು ಬಾಧೆಯಿಲ್ಲ. ನಾಗಸ್ವರ, ಸ್ಯಾಕ್ಸೊಫೋನ್, ಕ್ಲಾರಿನೆಟ್‌ನವರಿಗೆ ತುಟಿ, ಹಲ್ಲಿನ ಕಂಪನವೆಲ್ಲ ಒಳಗೇ ಮೊಳಗುತ್ತದೆ. ಮೋರ್ಸಿಂಗ್ ಅಂತೂ ಹಲ್ಲಿಗೇ ಆನಿಸಿ ನುಡಿಸುವ ವಾದ್ಯ. ಅದರ ಸದ್ದಿನ ದೊಡ್ಡ ಪಾಲು ಪ್ಲಗ್ ಇದ್ದರೂ ಒಳಗಡೆಯಿಂದ ಬಂದೇ ಬರುತ್ತದೆ, ಪ್ಲಗ್ ಅದನ್ನು ಇನ್ನೂ ಗಡುಸಾಗಿಸುತ್ತದೆ. ಮೋರ್ಸಿಂಗ್‌ನವರು ಪ್ಲಗ್‌ಗಿಂತ ಸಮಯದ ಮಿತಿಯನ್ನೇ ನಂಬುವುದು ಮೇಲು. ಹಾಡಿಕೊಂಡು ನುಡಿಸುವವರೂ ಇದನ್ನು ಮನಸ್ಸಿನಲ್ಲಿಡಬೇಕು.

ಅಚ್ಚು ಹಾಕಿಸಿದ ಪ್ಲಗ್

ಆಡಿಯಾಲಜಿಸ್ಟ್ ಮೊದಲು ಕಿವಿಯೊಳಗೆ ದಾರ ಕಟ್ಟಿದ ಪುಟ್ಟ ಸ್ಪಂಜನ್ನು ಇಟ್ಟು, ಆಮೇಲೆ ತಣ್ಣನೆಯ ಸಿಲಿಕೋನ್ ತುಂಬುತ್ತಾರೆ. ಕೆಲವು ನಿಮಿಷ ಒಂದು ಬದಿಯ ಜಗತ್ತು ಪೂರ್ತಿ ಇಲ್ಲವಾಗುತ್ತದೆ. ಹೊರತೆಗೆದಾಗ ಅಂಗೈಯಲ್ಲಿ ನಿಮ್ಮದೇ ಕಿವಿಯ ಒಳಗಿನ ತಿರುವುಗಳು, ಶಂಖದ ಚೂರಿನ ಹಾಗೆ. ಆ ಅಚ್ಚಿನಿಂದ ಮಾಡಿದ ಪ್ಲಗ್‌ಗೆ 9, 15 ಅಥವಾ 25 ಡೆಸಿಬೆಲ್‌ನ ಫಿಲ್ಟರ್ ಸಿಕ್ಕಿಸಬಹುದು, ಬೇಕೆಂದಾಗ ಬದಲಿಸಬಹುದು. ಸಂಗೀತಗಾರರಿಗಾಗಿ ಎಲ್ಲ ಸ್ವರಗಳನ್ನೂ ಸಮವಾಗಿ ತಗ್ಗಿಸುವ ಇಂಥ ಫಿಲ್ಟರ್ ಅನ್ನು ಅಮೆರಿಕದ ಎಟಿಮೋಟಿಕ್ ಕಂಪನಿ 1988ರಲ್ಲಿ ಹೊರತಂದಿತು. ಮುಚ್ಚಿದ ಕೊಳವೆ ಕಳೆದುಕೊಂಡ ಆ 2,700 ಹರ್ಟ್ಸ್‌ನ ಅನುರಣನವನ್ನು ಫಿಲ್ಟರ್ ತಾನೇ ಮರಳಿ ಕೊಡುತ್ತದೆ ಎಂಬುದು ಅದರ ಜಾಣ್ಮೆ.

ನಾಲ್ಕೂ ಪ್ರಶ್ನೆಗಳಿಗೆ ಇದು ಚೆನ್ನಾಗಿ ಉತ್ತರಿಸುತ್ತದೆ. ಆಳವಾಗಿ, ಕೊಳವೆಯ ಎರಡನೆಯ ತಿರುವು ದಾಟಿ ಕೂತರೆ ಒಳಗಿನ ಗುಂಯ್ಗುಡುವಿಕೆಯೂ ಕಡಿಮೆ. ಅಚ್ಚು ತೆಗೆಯುವಾಗಲೇ ‘ಆಳವಾಗಿ ಬೇಕು, ನಾನು ಊದುವ ವಾದ್ಯದವನು’ ಎಂದು ಹೇಳಬೇಕು. ಖರ್ಚು ಮಾತ್ರ ಹತ್ತು ಸಾವಿರ ದಾಟಬಹುದು, ಕೆಲವು ವರ್ಷಗಳಿಗೊಮ್ಮೆ ಹೊಸ ಅಚ್ಚು ಬೇಕಾಗಬಹುದು. ನುಡಿಸುವುದೇ ಜೀವನೋಪಾಯವಾಗಿದ್ದರೆ ಒಂದು ಒಳ್ಳೆಯ ಕಮಾನಿಗೆ ಕೊಡುವ ಹಣವನ್ನು ಇದಕ್ಕೆ ಕೊಡಿ ಎನ್ನುತ್ತೇನೆ. ನಾನು ಕಛೇರಿಗೆ 9, ಫ್ಯೂಷನ್ ತಂಡದ ಜೊತೆ ಡ್ರಮ್ಸ್ ಪಕ್ಕ ಕೂತಾಗ 15 ಬಳಸುತ್ತೇನೆ. ಎಡಗಿವಿಗೆ ಮಾತ್ರ ಹಾಕಿಕೊಳ್ಳುವ ದಿನಗಳೂ ಉಂಟು.

ಇಯರ್ ಮಾನಿಟರ್

ಚಿತ್ರಸಂಗೀತದ ತಂಡಗಳಲ್ಲಿ, ವಾದ್ಯಗೋಷ್ಠಿಗಳಲ್ಲಿ ನುಡಿಸುವವರಿಗೆ ಇದು ಆಕರ್ಷಕವಾದ ದಾರಿ. ಕಿವಿಯೊಳಗೆ ಕೂರುವ ಈ ಇಯರ್‌ಫೋನ್ ಹೊರಗಿನ ಸದ್ದನ್ನು ಕಿವಿಯ ಬಾಯಲ್ಲೇ ತಡೆದು, ನಿಮಗೆ ಬೇಕಾದ್ದನ್ನು ಮಾತ್ರ ಮಿಕ್ಸರ್‌ನಿಂದ ಕಿವಿಗೆ ಕಳಿಸುತ್ತದೆ. ಆದರೆ ಇದು ಎರಡಲಗಿನ ಕತ್ತಿ. ಕಡಿಮೆ ದನಿಯಲ್ಲಿಟ್ಟರೆ ಇದಕ್ಕಿಂತ ಒಳ್ಳೆಯ ರಕ್ಷಣೆ ಕಷ್ಟ, ಹೆಚ್ಚಿಸಿಕೊಂಡರೆ ಕಿವಿಯ ತಮಟೆಗೆ ಬೆರಳಷ್ಟು ದೂರದಲ್ಲಿ ಸ್ಪೀಕರ್ ಇಟ್ಟಂತೆ. ಒಂದು ಕಿವಿಯದನ್ನು ತೆಗೆದು ಸಭೆಯ ಸದ್ದು ಕೇಳುವ ಅಭ್ಯಾಸ ಅನೇಕರಿಗಿದೆ. ಅದು ಬೇಡ, ತೆರೆದ ಕಿವಿಗೆ ವೇದಿಕೆಯ ಸದ್ದು ಪೂರ್ತಿ ಬೀಳುತ್ತದೆ, ಮುಚ್ಚಿದ ಕಿವಿಯಲ್ಲಿ ನೀವು ದನಿ ಏರಿಸುತ್ತೀರಿ. ಪ್ರತ್ಯೇಕ ಮಿಕ್ಸ್ ಕೊಡಬಲ್ಲ ಧ್ವನಿ ತಂತ್ರಜ್ಞರಿಲ್ಲದ ಸಣ್ಣ ಸಭಾಂಗಣಗಳಲ್ಲಿ ಇದು ಉಪಯೋಗಕ್ಕೆ ಬರುವುದಿಲ್ಲ.

ಖರ್ಚಿಲ್ಲದ ದಾರಿ: ಜಾಗ ಮತ್ತು ಸಮಯ

ಹಣ ಹಾಕುವ ಮುನ್ನ ಇದನ್ನು ಮಾಡಿ. ಕರ್ನಾಟಕ ಸಂಗೀತದ ವೇದಿಕೆಯಲ್ಲಿ ಕಿವಿಗೆ ಹೆಚ್ಚು ಏಟು ಕೊಡುವುದು ಅನೇಕ ಸಲ ಎದುರಿನ ಮೃದಂಗವಲ್ಲ, ಮೊಣಕಾಲಿನ ಬಳಿ ಇಟ್ಟ ಮಾನಿಟರ್ ಸ್ಪೀಕರ್. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಳಾಂಗಣದಲ್ಲಿ ಅಷ್ಟು ಇಳಿಯದಿದ್ದರೂ ಒಂದು ಮೊಳ ಹಿಂದೆ ಸರಿಸಿದ್ದು ಗೊತ್ತಾಗುತ್ತದೆ. ಮಾನಿಟರ್ ಅನ್ನು ಕೆಟ್ಟ ಕಿವಿಯ ಕಡೆಯಿಂದ ತಿರುಗಿಸಲು ಹೇಳಿ. ಹೇಳಲು ಸಂಕೋಚಪಡಬೇಡಿ, ಶ್ರುತಿ ಸರಿಮಾಡಿಕೊಳ್ಳಲು ನಾವು ಸಂಕೋಚಪಡುತ್ತೇವೆಯೇ?

ಮನೆಯಲ್ಲಿ ಟೈಲ್ಸ್ ಹಾಕಿದ ಖಾಲಿ ಕೋಣೆ ಅತಿ ಕೆಟ್ಟದ್ದು. ನಾನು ಬಟ್ಟೆಯ ಕಪಾಟಿನ ಬಾಗಿಲು ತೆರೆದು ಅದರ ಎದುರು ಕೂತು ಸಾಧನೆ ಮಾಡುತ್ತೇನೆ, ಕೆಳಗೆ ಜಮಖಾನೆ. ಪಿಟೀಲಿನ ತಂತಿಗಳನ್ನು ಹೊರುವ ಕುದುರೆಯ ಮೇಲೆ ಸದ್ದು ತಗ್ಗಿಸುವ ರಬ್ಬರ್ ಮ್ಯೂಟ್ ಸಿಕ್ಕಿಸಿ ಸರಳೆ, ಜಂಟಿ ವರಸೆಗಳನ್ನು ಮುಗಿಸುತ್ತೇನೆ. ಆಲಾಪನೆಗೆ ಮಾತ್ರ ತೆಗೆಯುತ್ತೇನೆ. ನಲವತ್ತು ನಿಮಿಷಕ್ಕೊಮ್ಮೆ ಹತ್ತು ನಿಮಿಷ ಬಿಡುವು. ಚೆಂಡೆಯ ಗೆಳೆಯನಿಗೆ ದೊಡ್ಡ ಉಪಕಾರ ಮಾಡಿದ್ದು ಕಾಲಮಿತಿಯ ಪ್ರದರ್ಶನಗಳು. ಇಡೀ ರಾತ್ರಿಯ ಆಟಕ್ಕಿಂತ ಮೂರು ನಾಲ್ಕು ಗಂಟೆಯ ಆಟದಲ್ಲಿ ಕಿವಿಗೆ ಬೀಳುವ ಹೊರೆ ತಾನಾಗಿಯೇ ಇಳಿದಿದೆ. ಅವನು ಈಗ 25ರ ಫಿಲ್ಟರ್ ಹಾಕಿಕೊಂಡಿದ್ದಾನೆ, ಪದ ಕೇಳಿಸುತ್ತದೆ.

ವಾದ್ಯವನ್ನೇ ಬದಲಿಸುವುದು

ಶಿಷ್ಯೆಯ ತಾಯಿಯ ಪ್ರಶ್ನೆಗೆ ನಾನು ಕೂಡಲೇ ಉತ್ತರ ಕೊಡಲಿಲ್ಲ. ವೀಣೆ ಪಿಟೀಲಿಗಿಂತ ಮೃದು, ಕಿವಿಯಿಂದ ದೂರ. ಇನ್ನೊಂದು ಅನುಕೂಲವೂ ಇದೆ. ಕಿವಿಗೆ ಪೆಟ್ಟಾದ ಕೆಲವರಿಗೆ ಒಂದೇ ಸ್ವರ ಎರಡು ಕಿವಿಗಳಲ್ಲಿ ಕೊಂಚ ಬೇರೆಬೇರೆಯಾಗಿ ಕೇಳಿಸುತ್ತದೆ, ಆಗ ಮೆಟ್ಟಿಲಿಲ್ಲದ ಪಿಟೀಲಿನಲ್ಲಿ ಬೆರಳಿಗೆ ಆಸರೆಯೇ ಇರುವುದಿಲ್ಲ. ವೀಣೆಯಲ್ಲಿ ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲುಗಳು ಸ್ವರದ ಜಾಗವನ್ನು ಕಣ್ಣಿಗೂ ಬೆರಳಿಗೂ ಹೇಳುತ್ತವೆ. ಆದರೂ ಆ ಹುಡುಗಿಗೆ ಎಂಟು ವರ್ಷದ ಪಿಟೀಲಿನ ಪ್ರೀತಿಯಿತ್ತು, ಅವಳ ಮೊರೆತ ಸೌಮ್ಯವಾಗಿತ್ತು, ಶ್ರವಣ ನಕ್ಷೆ ಚೆನ್ನಾಗಿತ್ತು. ಸಿದ್ಧ ಫಿಲ್ಟರ್ ಪ್ಲಗ್ ಮತ್ತು ಮ್ಯೂಟ್ ಸಾಕೆಂದೆ. ಶ್ರವಣ ಪ್ರತಿವರ್ಷ ಇಳಿಯುತ್ತಿದ್ದರೆ, ಅಥವಾ ಸಾಮಾನ್ಯ ಸದ್ದೂ ಚುಚ್ಚುವಷ್ಟು ಕಿವಿ ಸೂಕ್ಷ್ಮವಾಗಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಹೊಸದಾಗಿ ಕಲಿಯಲು ಹೊರಟವರು, ಇನ್ನೂ ಯಾವ ವಾದ್ಯಕ್ಕೂ ಮನಸ್ಸು ಕೊಡದವರು ವೀಣೆಯನ್ನು ಮೊದಲು ಪರಿಗಣಿಸುವುದು ಒಳ್ಳೆಯದು. ಹೆಡ್‌ಫೋನ್‌ನಲ್ಲಿ ನುಡಿಸುವ ಕೀಬೋರ್ಡ್ ಕೂಡ ಆಗಬಹುದು, ದನಿಯ ಗುಂಡಿ ನಿಮ್ಮ ಕೈಯಲ್ಲೇ ಇರುತ್ತದೆ. ಹೆಡ್‌ಫೋನ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ.

ಮೊರೆತಕ್ಕೇ ಏನು?

ಮೇಲಿನ ಯಾವುದೂ ಈಗಿರುವ ಮೊರೆತವನ್ನು ಅಳಿಸುವುದಿಲ್ಲ. ಅದನ್ನು ಖಚಿತವಾಗಿ ಗುಣಪಡಿಸುವ ಮಾತ್ರೆಯೂ ಇಲ್ಲ. ಹಾಗೆಂದು ಮಾರುವವರಿಂದ ದೂರವಿರಿ. ಶ್ರವಣ ಕಡಿಮೆಯಾಗಿದ್ದರೆ ಶ್ರವಣ ಸಾಧನ ಅನೇಕರಿಗೆ ಮೊರೆತವನ್ನೂ ಹಿಂದಕ್ಕೆ ಸರಿಸುತ್ತದೆ. ಮೊರೆತದಿಂದ ನಿದ್ದೆ, ನೆಮ್ಮದಿ ಕೆಟ್ಟವರಿಗೆ ಸಿಬಿಟಿ ಎನ್ನುವ ಮನೋಚಿಕಿತ್ಸೆಯಿಂದ ಸಂಕಟ ತಗ್ಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ.

ಮತ್ತೆ ನಾನು ಮೊದಲು ಹೇಳಿದ ತಪ್ಪಿಗೆ ಬರುತ್ತೇನೆ. ಮೊದಲ ವರ್ಷ ಭಯದಿಂದ ಬಸ್‌ನಲ್ಲಿ, ಅಡುಗೆಮನೆಯಲ್ಲಿ, ಮಲಗುವಾಗಲೂ ಪ್ಲಗ್ ಹಾಕಿಕೊಂಡಿದ್ದೆ. ಮೊರೆತ ಬೆಟ್ಟದಷ್ಟಾಯಿತು, ಚಮಚ ತಟ್ಟೆಗೆ ತಗುಲಿದರೂ ಬೆಚ್ಚುವಂತಾಯಿತು. ನಿಶ್ಶಬ್ದದಲ್ಲಿ ಕೂಡಿಹಾಕಿದ ಕಿವಿ ತನ್ನ ಸೂಕ್ಷ್ಮತೆಯನ್ನು ಏರಿಸಿಕೊಳ್ಳುತ್ತದೆ. ಪ್ಲಗ್ ಇರುವುದು ಜೋರು ಸದ್ದಿಗೆ ಮಾತ್ರ. ಉಳಿದ ಹೊತ್ತಿನಲ್ಲಿ ಕಿವಿಗೆ ಹಿತವಾದ, ಮೆಲುವಾದ ಸದ್ದು ಬೇಕು, ಸಂಗೀತದವರ ಮನೆಯಲ್ಲಿ ಅದು ಹುಟ್ಟಿನಿಂದ ಇದೆ. ತಂಬೂರದ ತಂತಿಯಡಿ ಇಡುವ ಜೀವಾಳದ ದಾರ ಮೂಲಸ್ವರದ ಜೊತೆಗೇ ಎಬ್ಬಿಸುವ ಮೇಲಿನ ಸ್ವರಗಳು ಬಹಳ ಎತ್ತರದವರೆಗೂ ಹರಡಿಕೊಳ್ಳುತ್ತವೆ, ಅವುಗಳಲ್ಲಿ ಮೊರೆತಕ್ಕೆ ಒರಗಲು ಜಾಗ ಸಿಗುತ್ತದೆ. ನಾನು ರಾತ್ರಿ ವಿದ್ಯುನ್ಮಾನ ತಂಬೂರವನ್ನು ಮೊರೆತಕ್ಕಿಂತ ಒಂದು ಕೂದಲೆಳೆ ಕೆಳಗೆ ಇಟ್ಟು ಮಲಗುತ್ತೇನೆ. ಅದು ಮೊರೆತವನ್ನು ಪೂರ್ತಿ ಮುಚ್ಚಬಾರದು, ಜೊತೆಗೆ ಕೂರಬೇಕು.

ಯಾವ ಪ್ಲಗ್ ಆರಿಸಿದರೂ ಮೊದಲ ದಿನವೇ ಕಛೇರಿಗೆ ಹಾಕಿಕೊಂಡು ಹೋಗಬೇಡಿ. ಎರಡು ವಾರ ಮನೆಯಲ್ಲಿ, ದಿನಕ್ಕೆ ಕಾಲು ಗಂಟೆ, ಶ್ರುತಿ ಹಾಕಿಕೊಂಡು ಸ ಪ ಸ ಮಾತ್ರ ನುಡಿಸಿ. ಜೊತೆಗೆ ಮೊಬೈಲ್‌ನಲ್ಲಿ ಮುದ್ರಿಸಿಕೊಂಡು ಪ್ಲಗ್ ತೆಗೆದು ಕೇಳಿ. ಪಂಚಮ ಕೂಡಿದೆಯೇ, ಕಮಾನು ಅಥವಾ ಕೈ ಒತ್ತುತ್ತಿದೆಯೇ ಎಂದು ಆ ಮುದ್ರಣವೇ ಹೇಳುತ್ತದೆ. ಒತ್ತುತ್ತಿದ್ದರೆ ಒಂದು ಹಂತ ಕಡಿಮೆ ತಗ್ಗಿಸುವ ಫಿಲ್ಟರ್‌ಗೆ ಇಳಿಯಿರಿ. ಆದರೆ ನುಡಿಸಿದ ರಾತ್ರಿ ಮೊರೆತ ಎಂದಿಗಿಂತ ಹೆಚ್ಚಿ, ಬೆಳಿಗ್ಗೆಯೂ ಹಾಗೇ ಉಳಿದರೆ ಒಂದು ಹಂತ ಮೇಲೇರಿ, ಆ ವಾರದ ಸಾಧನೆಯ ಸಮಯವನ್ನೂ ಅರ್ಧಕ್ಕೆ ಇಳಿಸಿ, ಶ್ರವಣ ಪರೀಕ್ಷೆಗೆ ಮತ್ತೊಮ್ಮೆ ದಿನ ಗೊತ್ತುಮಾಡಿಕೊಳ್ಳಿ.